ಪುಟ್ಟ ಕೋಟೆಯ ಊರಿನ ಮಗ: ಪೂಜ್ಯ ರಾಬರ್ಟ್ ಶೂಮನ್

ಪ್ರತಿ ವರ್ಷ ಮೇ 9ನ್ನು ಯುರೋಪಿಯನ್ ಒಕ್ಕೂಟವು ಯುರೋಪ್ ದಿನವೆಂದು ಆಚರಿಸುತ್ತದೆ. ಬ್ರಸೆಲ್ಸ್, ಸ್ಟ್ರಾಸ್‌ಬರ್ಗ್ ಮತ್ತು ಲಕ್ಸೆಂಬರ್ಗ್ ನಗರಗಳಲ್ಲಿರುವ ಒಕ್ಕೂಟದ ಕಚೇರಿಗಳು ಈ ಸಂದರ್ಭದಲ್ಲಿ ಜನಸಾಮಾನ್ಯರಿಗೆ ತಮ್ಮ ಬಾಗಿಲುಗಳನ್ನು ತೆರೆಯುತ್ತವೆ. ಈ ದಿನವನ್ನೇ ಆರಿಸಿದ್ದಕ್ಕೆ ಕಾರಣ, 1950ರ ಮೇ 9ರಂದು ಅವಿವಾಹಿತ ಕಥೊಲಿಕ ವಕೀಲರೊಬ್ಬರು ಪ್ಯಾರಿಸಿನಲ್ಲಿ ಓದಿದ ಒಂದು ಚಿಕ್ಕ ಹೇಳಿಕೆ. ಅವರ ಹೆಸರು ರಾಬರ್ಟ್ ಶೂಮನ್. 2021ರ ಜೂನ್ 19ರಂದು ಪೋಪ್ ಫ್ರಾನ್ಸಿಸ್ ಅವರು ಶೂಮನ್‌ರ ವೀರೋಚಿತ ಸದ್ಗುಣಗಳನ್ನು ಅಂಗೀಕರಿಸಿದ ಮೇಲೆ ಧರ್ಮಸಭೆ ಅವರನ್ನು ಪೂಜ್ಯ ಎಂದು ಕರೆಯುತ್ತಿದೆ. ಸಂತ ಪದವಿಯ ಹಾದಿಯಲ್ಲಿ ಯಾಜಕರನ್ನೂ ಧರ್ಮಭಗಿನಿಯರನ್ನೂ ಕಂಡು ನಮಗೆ ರೂಢಿ. ಹಣಕಾಸು ಮಂತ್ರಿ, ಪ್ರಧಾನ ಮಂತ್ರಿ, ವಿದೇಶಾಂಗ ಮಂತ್ರಿಯಾಗಿದ್ದ ಒಬ್ಬರು ಆ ಹಾದಿಯಲ್ಲಿ ನಿಂತಿರುವುದು ಅಪರೂಪ. ಅವರ ಬದುಕನ್ನು ನಾವು ಅವರು ಹುಟ್ಟಿದ ನಗರದಿಂದಲೇ ಆರಂಭಿಸುತ್ತೇವೆ. ಆ ನಗರವನ್ನು ಬಿಟ್ಟರೆ ಅವರ ಬದುಕು ಅರ್ಥವಾಗುವುದು ಕಷ್ಟ.

ಹೆಸರಿನಲ್ಲೇ ಪುಟ್ಟದು

ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ಈ ಮೂರು ದೇಶಗಳ ನಡುವೆ ಇರುವ ಚಿಕ್ಕ ದೇಶ ಲಕ್ಸೆಂಬರ್ಗ್. ಅದರ ರಾಜಧಾನಿಯ ಹೆಸರೂ ಲಕ್ಸೆಂಬರ್ಗ್. ಕ್ರಿ.ಶ. 963ರಲ್ಲಿ ಸೀಗ್‌ಫ್ರೀಡ್ ಎಂಬ ಸಾಮಂತ ಟ್ರಿಯರ್ ನಗರದ ಸಂತ ಮ್ಯಾಕ್ಸಿಮಿನ್ ಮಠಕ್ಕೆ ಸ್ವಲ್ಪ ಭೂಮಿ ಕೊಟ್ಟು, ಅದರ ಬದಲಿಗೆ ಆಲ್ಜೆಟ್ ನದಿಯ ಮೇಲೆ ಚಾಚಿಕೊಂಡಿದ್ದ ಒಂದು ಬಂಡೆಯನ್ನೂ ಅದರ ಮೇಲಿದ್ದ ಹಳೆಯ ಕೋಟೆಯನ್ನೂ ಪಡೆದ. ಆ ದಾಖಲೆಯಲ್ಲಿ ಕೋಟೆಯ ಹೆಸರು ಲುಸಿಲಿನ್‌ಬುರ್ಹುಕ್ ಎಂದಿದೆ. ಪುಟ್ಟ ಕೋಟೆ ಎಂದು ಅದರ ಅರ್ಥ. ಅದೇ ಹೆಸರು ಸವೆದು ಸವೆದು ಲಕ್ಸೆಂಬರ್ಗ್ ಆಯಿತು. ಅಲ್ಲಿನ ಜನ ತಮ್ಮ ಮಾತಿನಲ್ಲಿ ಅದನ್ನು ಲೆಟ್ಸೆಬುರ್ಗ್ ಎನ್ನುತ್ತಾರೆ.

ಹೆಸರು ಪುಟ್ಟದಾದರೂ ಕೋಟೆ ಪುಟ್ಟದಾಗಿ ಉಳಿಯಲಿಲ್ಲ. ಬರ್ಗಂಡಿಯವರು, ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯನ್ನರು, ಪ್ರಷ್ಯನ್ನರು ಒಬ್ಬರಾದ ಮೇಲೆ ಒಬ್ಬರು ಅದನ್ನು ಹಿಡಿದರು. ಹಿಡಿದವರೆಲ್ಲ ಗೋಡೆಯ ಹೊರಗೆ ಇನ್ನೊಂದು ಗೋಡೆ ಕಟ್ಟಿದರು, ಬಂಡೆಯೊಳಗೆ ಸುರಂಗ ಕೊರೆದರು. ಉತ್ತರದ ಜಿಬ್ರಾಲ್ಟರ್ ಎಂಬ ಹೆಸರು ಅದಕ್ಕೆ ಬಂತು. ಈ ಕೋಟೆ ಯಾರದು ಎಂಬ ವಿಷಯದಲ್ಲಿ 1867ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ಯುದ್ಧದ ಅಂಚಿಗೆ ಬಂದವು. ಕೊನೆಗೆ ಲಂಡನ್ನಿನಲ್ಲಿ ಒಂದು ಒಪ್ಪಂದವಾಯಿತು. ಕೋಟೆಯನ್ನು ಕೆಡವಬೇಕು, ದೇಶ ತಟಸ್ಥವಾಗಿರಬೇಕು ಎಂದು ನಿರ್ಧಾರವಾಯಿತು. ಕೆಡವುವ ಕೆಲಸವೇ ಹಲವು ವರ್ಷ ನಡೆಯಿತು. ಉಳಿದ ಭಾಗಗಳು ಮತ್ತು ಹಳೆಯ ಪೇಟೆ 1994ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಆ ಬಂಡೆಯ ಕೆಳಗೆ, ನದಿಯ ಕಣಿವೆಯಲ್ಲಿ ಕ್ಲೌಸೆನ್ ಎಂಬ ಬಡಾವಣೆ ಇದೆ. ರಾಬರ್ಟ್ ಶೂಮನ್ 1886ರ ಜೂನ್ 29ರಂದು, ಸಂತ ಪೇತ್ರ ಮತ್ತು ಪೌಲರ ಹಬ್ಬದ ದಿನ, ಅಲ್ಲಿ ಹುಟ್ಟಿದರು. ತಂದೆ ಜೀನ್ ಪಿಯೆರ್ ಶೂಮನ್ ಗಡಿಯಾಚೆ ಲೊರೇನ್ ಪ್ರಾಂತ್ಯದ ಎವ್ರಾಂಜ್ ಎಂಬ ಹಳ್ಳಿಯವರು. ಹುಟ್ಟಿನಿಂದ ಫ್ರೆಂಚರು. ಆದರೆ 1870ರ ಯುದ್ಧದಲ್ಲಿ ಸೋತ ಫ್ರಾನ್ಸ್ ಮರುವರ್ಷ ಆ ಪ್ರದೇಶವನ್ನು ಜರ್ಮನಿಗೆ ಬಿಟ್ಟುಕೊಡಬೇಕಾಯಿತು. ತಂದೆ ತನ್ನ ಊರಿನಿಂದ ಕದಲದೆಯೇ ಜರ್ಮನ್ ಪ್ರಜೆಯಾದರು. ತಾಯಿ ಯೂಜೆನಿ ಡ್ಯುರೆನ್ ಲಕ್ಸೆಂಬರ್ಗಿನವರು. ಮಗ ಲಕ್ಸೆಂಬರ್ಗಿನಲ್ಲಿ ಹುಟ್ಟಿದರೂ ತಂದೆಯ ಕಡೆಯಿಂದ ಕಾನೂನಿನ ಪ್ರಕಾರ ಜರ್ಮನ್ ಪ್ರಜೆ.

ಮೂರು ಭಾಷೆಗಳ ಬಾಲಕ

ಮನೆಯಲ್ಲಿ ಬಾಲಕ ರಾಬರ್ಟ್ ಆಡಿದ್ದು ತಾಯಿಯ ಲಕ್ಸೆಂಬರ್ಗಿಷ್ ಮಾತು. ಶಾಲೆಗೆ ಹೋದಾಗ ಜರ್ಮನ್, ಬಳಿಕ ಫ್ರೆಂಚ್. ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು, ಕಚೇರಿಯ ಭಾಷೆ ಮತ್ತೊಂದು ಎಂಬುದು ನಮ್ಮ ಓದುಗರಿಗೆ ಹೊಸತೇನಲ್ಲ. ಆ ನಗರದಲ್ಲಿ ಇಂದಿಗೂ ಅದೇ ಪದ್ಧತಿ. 1984ರ ಭಾಷಾ ಕಾನೂನು ಲಕ್ಸೆಂಬರ್ಗಿಷನ್ನು ರಾಷ್ಟ್ರಭಾಷೆ ಎಂದಿತು. ಕಾನೂನುಗಳನ್ನು ಬರೆಯುವುದು ಮಾತ್ರ ಫ್ರೆಂಚಿನಲ್ಲಿ. ಸರ್ಕಾರಿ ಕಚೇರಿಗಳಲ್ಲಿ ಮತ್ತು ನ್ಯಾಯಾಲಯಗಳಲ್ಲಿ ಮೂರೂ ಭಾಷೆಗಳಿಗೆ ಅವಕಾಶವಿದೆ. ದುಡಿಯಲು ಬಂದು ನೆಲೆಸಿದ ಪೋರ್ಚುಗೀಸರ ಭಾಷೆಯೂ ಅಲ್ಲಿನ ಬೀದಿಗಳಲ್ಲಿ ಮತ್ತು ಚರ್ಚುಗಳಲ್ಲಿ ಕೇಳುತ್ತದೆ.

ಮೂರು ಭಾಷೆ ಬಲ್ಲವರಿಗೆ ಒಂದು ಲಾಭ, ಒಂದು ಕಷ್ಟ. ಎಲ್ಲರ ಮಾತೂ ಅರ್ಥವಾಗುತ್ತದೆ, ಆದರೆ ಯಾರೂ ನಮ್ಮವನು ಎಂದು ಪೂರ್ತಿಯಾಗಿ ಒಪ್ಪುವುದಿಲ್ಲ. ಶೂಮನ್ ಮುಂದೆ ಫ್ರಾನ್ಸಿನ ಪ್ರಧಾನಿಯಾದಾಗಲೂ ಅವರ ಫ್ರೆಂಚ್ ಉಚ್ಚಾರದಲ್ಲಿ ಗಡಿನಾಡಿನ ಛಾಯೆ ಇತ್ತು. ಸಂಸತ್ತಿನಲ್ಲಿ ವಿರೋಧಿಗಳು ಅವರನ್ನು ಜರ್ಮನ್ ಎಂದು ಹಂಗಿಸಿದರು. ಅವರು ಅದನ್ನು ತಾಳ್ಮೆಯಿಂದ ಸಹಿಸಿಕೊಂಡರು.

ಗುರುಮಠಕ್ಕೆ ಹೋಗದ ಯುವಕ

ರಾಬರ್ಟ್‌ಗೆ 14 ವರ್ಷವಾದಾಗ, 1900ರಲ್ಲಿ, ತಂದೆ ತೀರಿಕೊಂಡರು. ತಾಯಿ ಒಬ್ಬನೇ ಮಗನನ್ನು ಪ್ರಾರ್ಥನೆಯಲ್ಲೂ ಶಿಸ್ತಿನಲ್ಲೂ ಬೆಳೆಸಿದರು. ಬಾನ್, ಮ್ಯೂನಿಕ್, ಬರ್ಲಿನ್, ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಓದಿ ಅವರು 1910ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ದೊಡ್ಡ ಆಘಾತವೊಂದು ಕಾದಿತ್ತು. ತಾಯಿ ಕುದುರೆಗಾಡಿಯ ಅಪಘಾತದಲ್ಲಿ ಮೃತರಾದರು. 25ರ ಹರೆಯದ ಮಗ ಒಂಟಿಯಾದರು.

ಆ ದುಃಖದಲ್ಲಿ ಅವರು ಲೋಕವನ್ನು ತೊರೆದು ಗುರುವಾಗಬೇಕೆಂದು ಯೋಚಿಸಿದರು. ಆಗ ಆಪ್ತ ಮಿತ್ರನೊಬ್ಬ ಅವರಿಗೆ ಪತ್ರ ಬರೆದು ಬೇರೆ ಸಲಹೆ ಕೊಟ್ಟ. ಮುಂದಿನ ಕಾಲದ ಸಂತರು ಸಾಮಾನ್ಯ ಜನರ ಉಡುಪಿನಲ್ಲಿಯೇ ಇರುತ್ತಾರೆ, ಶ್ರೀಸಾಮಾನ್ಯನಾಗಿಯೇ ನೀನು ಹೆಚ್ಚು ಒಳಿತು ಮಾಡಬಲ್ಲೆ ಎಂಬುದು ಆ ಪತ್ರದ ಸಾರ. ಶೂಮನ್ ಅದನ್ನು ದೇವರ ಕರೆಯೆಂದು ಸ್ವೀಕರಿಸಿದರು. 1912ರಲ್ಲಿ ಆಗ ಜರ್ಮನ್ ಆಡಳಿತದಲ್ಲಿದ್ದ ಮೆಟ್ಸ್ ನಗರದಲ್ಲಿ ವಕೀಲಿ ಕಚೇರಿ ತೆರೆದರು. ಅಲ್ಲಿನ ಧರ್ಮಾಧ್ಯಕ್ಷ ವಿಲ್ಲಿಬ್ರೋರ್ಡ್ ಬೆಂಜ್ಲರ್ ಅವರು ಧರ್ಮಪ್ರಾಂತ್ಯದ ಯುವಜನ ಸಂಘಟನೆಗಳ ಹೊಣೆಯನ್ನು ಅವರಿಗೆ ವಹಿಸಿದರು. 1913ರಲ್ಲಿ ಮೆಟ್ಸ್‌ನಲ್ಲಿ ನಡೆದ ಜರ್ಮನ್ ಕಥೊಲಿಕರ ಮಹಾ ಸಮ್ಮೇಳನದ ಸಿದ್ಧತೆಯಲ್ಲೂ ಅವರು ದುಡಿದರು. ಮುಂದೆ ಅವರು ಮದುವೆಯಾಗಲಿಲ್ಲ. ದಿನದ ಬಲಿಪೂಜೆಯನ್ನೂ ಜಪಸರವನ್ನೂ ಬಿಡಲಿಲ್ಲ.

ಮೊದಲ ಮಹಾಯುದ್ಧ ಮುಗಿದಾಗ, 1918ರಲ್ಲಿ, ಮೆಟ್ಸ್ ಮತ್ತೆ ಫ್ರಾನ್ಸಿಗೆ ಸೇರಿತು. ತಂದೆಗೆ ಆದದ್ದೇ ಮಗನಿಗೂ ಆಯಿತು, ದಿಕ್ಕು ಮಾತ್ರ ಬೇರೆ. 32ನೇ ವಯಸ್ಸಿನಲ್ಲಿ ಶೂಮನ್ ಫ್ರೆಂಚ್ ಪ್ರಜೆಯಾದರು. 1919ರಲ್ಲಿ ಮೊಸೆಲ್ ಜಿಲ್ಲೆಯ ಜನ ಅವರನ್ನು ಪ್ಯಾರಿಸಿನ ಸಂಸತ್ತಿಗೆ ಕಳುಹಿಸಿದರು. ಅಲ್ಲಿ ಅವರ ಮುಂದಿದ್ದ ಮೊದಲ ಕೆಲಸ ಹೆಸರು ತರುವಂಥದ್ದಲ್ಲ. ಸುಮಾರು ಅರ್ಧ ಶತಮಾನ ಜರ್ಮನ್ ಕಾನೂನಿನಲ್ಲಿದ್ದ ಜನರನ್ನು ಫ್ರೆಂಚ್ ಕಾನೂನಿಗೆ ಹೊಂದಿಸಬೇಕಿತ್ತು. ಫ್ರಾನ್ಸ್ 1905ರಲ್ಲಿ ಚರ್ಚ್ ಮತ್ತು ಸರ್ಕಾರವನ್ನು ಪ್ರತ್ಯೇಕಿಸಿತ್ತು. ಆಗ ಅಲ್ಸಾಸ್ ಮತ್ತು ಮೊಸೆಲ್ ಜರ್ಮನಿಯಲ್ಲಿದ್ದುದರಿಂದ ಅಲ್ಲಿ 1801ರ ಹಳೆಯ ಒಪ್ಪಂದವೇ ಉಳಿದಿತ್ತು. 1924ರಲ್ಲಿ ಪ್ಯಾರಿಸ್ ಸರ್ಕಾರ ಅದನ್ನು ತೆಗೆದುಹಾಕಲು ಹೊರಟಾಗ ಶೂಮನ್ ಮತ್ತು ಅವರ ಜತೆಗಾರರು ಕಾನೂನಿನ ಹಾದಿಯಲ್ಲೇ ವಿರೋಧಿಸಿದರು. ಸರ್ಕಾರ ಹಿಂದೆ ಸರಿಯಿತು. ಇಂದಿಗೂ ಆ ಪ್ರದೇಶದ ಶಾಲೆಗಳಲ್ಲಿ ಧರ್ಮಬೋಧನೆ ಇದೆ. ಮೆಟ್ಸ್‌ನ ಧರ್ಮಾಧ್ಯಕ್ಷರ ನೇಮಕಕ್ಕೆ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರ ಸಹಿಯೂ ಬೇಕು.

ಒಂದು ತಪ್ಪು, ಒಂದು ಸೆರೆಮನೆ

ಸಂತರ ಜೀವನ ಬರೆಯುವಾಗ ಕಷ್ಟದ ಪುಟಗಳನ್ನು ಹಾರಿಸುವ ಆಸೆಯಾಗುತ್ತದೆ. ಶೂಮನ್‌ರ ಬದುಕಿನಲ್ಲಿ ಅಂಥ ಪುಟ 1940ರ ಜುಲೈ 10. ಹಿಟ್ಲರನ ಸೈನ್ಯಕ್ಕೆ ಸೋತ ಫ್ರಾನ್ಸಿನ ಸಂಸತ್ತು ಅಂದು ವಿಶಿ ಪಟ್ಟಣದಲ್ಲಿ ಸೇರಿ, ಮಾರ್ಷಲ್ ಪೆಟೈನ್‌ಗೆ ಸಂಪೂರ್ಣ ಅಧಿಕಾರ ಕೊಟ್ಟಿತು. ಪರ 569 ಮತಗಳು, ವಿರುದ್ಧ 80. ಆ 569ರಲ್ಲಿ ಶೂಮನ್‌ರದ್ದೂ ಒಂದು. ದೇಶ ಅನುಭವಿಸುತ್ತಿದ್ದ ದಿಗ್ಭ್ರಮೆಯಲ್ಲಿ ಬಹುಮಂದಿ ಹಾಗೆಯೇ ಮಾಡಿದರು ಎಂದರೂ, ಅದು ಮುಂದೆ ನಾಜಿಗಳ ಜತೆ ಕೈಜೋಡಿಸಿದ ಆಡಳಿತಕ್ಕೆ ದಾರಿ ಮಾಡಿಕೊಟ್ಟ ಮತ. ಅದನ್ನು ನಾವು ಮರೆಮಾಚುವುದಿಲ್ಲ.

ಅನಂತರ ಅವರು ಮಾಡಿದ್ದನ್ನೂ ಹೇಳಬೇಕು. ಸುರಕ್ಷಿತ ಪ್ರದೇಶದಲ್ಲಿ ಉಳಿಯುವ ಅವಕಾಶವಿದ್ದರೂ ಅವರು ಜರ್ಮನರ ವಶವಾಗಿದ್ದ ಮೆಟ್ಸ್‌ಗೆ ಮರಳಿದರು. 1940ರ ಸೆಪ್ಟೆಂಬರ್ 14ರಂದು ಗೆಸ್ಟಾಪೊ ಅವರನ್ನು ಬಂಧಿಸಿತು. ಏಳು ತಿಂಗಳು ಮೆಟ್ಸ್‌ನ ಸೆರೆಮನೆಯಲ್ಲಿ ಇಟ್ಟಿತು. ಜರ್ಮನ್ ಚೆನ್ನಾಗಿ ಬಲ್ಲ, ಜರ್ಮನಿಯಲ್ಲಿ ಓದಿದ ಈ ವ್ಯಕ್ತಿ ತಮ್ಮ ಪರ ಕೆಲಸ ಮಾಡಲಿ ಎಂದು ನಾಜಿಗಳು ಬಯಸಿದರು. ಅವರು ಒಪ್ಪಲಿಲ್ಲ. 1941ರ ಏಪ್ರಿಲ್‌ನಲ್ಲಿ ಅವರನ್ನು ಜರ್ಮನಿಯ ನಾಯ್‌ಸ್ಟಾಡ್ಟ್ ಪಟ್ಟಣದಲ್ಲಿ ಕಾವಲಿನಲ್ಲಿ ಇರಿಸಲಾಯಿತು. 1942ರ ಆಗಸ್ಟ್‌ನಲ್ಲಿ ತಪ್ಪಿಸಿಕೊಂಡರು. ಯುದ್ಧ ಮುಗಿಯುವವರೆಗೆ ಮಠಗಳಲ್ಲಿ ಮತ್ತು ಆಶ್ರಯ ಕೊಟ್ಟವರ ಮನೆಗಳಲ್ಲಿ ಅಡಗಿದ್ದರು. ಹಿಂದೆ ಪ್ರವೇಶಿಸದ ಮಠದ ಬದುಕು ಈಗ ಅವರಿಗೆ ಆಸರೆಯಾಯಿತು. ಮಠವಾಸಿಗಳ ಪ್ರಾರ್ಥನೆಯ ವೇಳಾಪಟ್ಟಿಯೇ ಅವರ ವೇಳಾಪಟ್ಟಿಯಾಯಿತು.

ಯುದ್ಧದ ನಂತರ ಆ 1940ರ ಮತ ಅವರನ್ನು ಬೆನ್ನಟ್ಟಿತು. ಚುನಾವಣೆಗೆ ನಿಲ್ಲಲು ಅನರ್ಹರೆಂಬ ಕಳಂಕ ಅವರ ಮೇಲಿತ್ತು. ಜನರಲ್ ಡಿ ಗಾಲ್ ಮಧ್ಯೆ ಪ್ರವೇಶಿಸಿದ ಮೇಲೆ 1945ರ ಸೆಪ್ಟೆಂಬರ್‌ನಲ್ಲಿ ಆ ಪ್ರಕರಣ ಮುಕ್ತಾಯವಾಯಿತು. ಅವರು ಮತ್ತೆ ಸಂಸತ್ತಿಗೆ ಬಂದರು. 1946ರಲ್ಲಿ ಹಣಕಾಸು ಮಂತ್ರಿ, 1947ರ ನವೆಂಬರ್‌ನಲ್ಲಿ ಪ್ರಧಾನ ಮಂತ್ರಿ, 1948ರ ಜುಲೈಯಿಂದ 1953ರ ಜನವರಿಯವರೆಗೆ ವಿದೇಶಾಂಗ ಮಂತ್ರಿ. ಕಚೇರಿಯಿಂದ ಹೊರಡುವಾಗ ಉರಿಯುತ್ತಿದ್ದ ದೀಪಗಳನ್ನು ತಾವೇ ಆರಿಸಿ ಹೋಗುತ್ತಿದ್ದರು ಎಂದು ಅವರ ಬಗ್ಗೆ ಹೇಳುವವರು ಬಹಳ. ಸಾರ್ವಜನಿಕ ಹಣ ತಮ್ಮದಲ್ಲ ಎಂಬ ಎಚ್ಚರ ಅವರಲ್ಲಿ ಸದಾ ಇತ್ತು.

ಕಲ್ಲಿದ್ದಲು ಮತ್ತು ಉಕ್ಕು

ಎರಡನೇ ಮಹಾಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಜರ್ಮನಿಯ ಮೇಲಿನ ಸಿಟ್ಟು ಆರಿರಲಿಲ್ಲ. 1870, 1914, 1939: 70 ವರ್ಷಗಳೊಳಗೆ ಮೂರು ಯುದ್ಧಗಳು. ಮೊದಲ ಮಹಾಯುದ್ಧದ ಬಳಿಕ ಸೋತವರನ್ನು ಹಿಂಡಿದ್ದರಿಂದ ಮುಂದೇನಾಯಿತೆಂದು ಶೂಮನ್ ಕಂಡಿದ್ದರು. ಮತ್ತೆ ಅದೇ ದಾರಿ ಹಿಡಿದರೆ ನಾಲ್ಕನೇ ಯುದ್ಧ ಖಂಡಿತ ಎಂದು ಅವರಿಗೆ ಅನಿಸಿತು. ಕ್ಷಮೆ ಎಂಬುದು ಪಾಪನಿವೇದನೆಯ ಪೀಠದಲ್ಲಿ ಮಾತ್ರ ಇರುವ ವಿಷಯವಲ್ಲ, ದೇಶಗಳ ನಡುವೆಯೂ ಅದಕ್ಕೆ ಒಂದು ರೂಪ ಕೊಡಬೇಕು. ಆ ರೂಪವನ್ನು ಕಾಗದದ ಮೇಲೆ ಸಿದ್ಧಪಡಿಸಿದವರು ಜೀನ್ ಮೊನೆ ಮತ್ತು ಅವರ ಸಂಗಡಿಗರು. ಅದರ ರಾಜಕೀಯ ಹೊಣೆಯನ್ನು ಹೆಗಲ ಮೇಲೆ ಹೊತ್ತವರು ಶೂಮನ್.

ಯೋಜನೆ ಸರಳವಾಗಿತ್ತು. ಫಿರಂಗಿ ಮಾಡಲು ಉಕ್ಕು ಬೇಕು, ಉಕ್ಕು ಮಾಡಲು ಕಲ್ಲಿದ್ದಲು ಬೇಕು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಎರಡೂ ದೇಶಗಳಿಗೆ ಸೇರದ ಒಂದು ಉನ್ನತ ಪ್ರಾಧಿಕಾರದ ಕೈಗೆ ಒಪ್ಪಿಸಿದರೆ, ಯಾವ ದೇಶವೂ ಇನ್ನೊಂದಕ್ಕೆ ತಿಳಿಯದಂತೆ ಯುದ್ಧಕ್ಕೆ ಸಿದ್ಧವಾಗಲಾರದು. ಬೇರೆ ದೇಶಗಳೂ ಬಯಸಿದರೆ ಸೇರಬಹುದು. 1950ರ ಮೇ 9ರ ಬೆಳಿಗ್ಗೆ ಜರ್ಮನ್ ಚಾನ್ಸೆಲರ್ ಕೊನ್ರಾಡ್ ಅಡೆನಾವರ್ ಅವರ ಒಪ್ಪಿಗೆ ಬಾನ್‌ನಿಂದ ಬಂತು. ಅದೇ ದಿನ ಸಂಜೆ ಪ್ಯಾರಿಸಿನ ವಿದೇಶಾಂಗ ಕಚೇರಿಯಲ್ಲಿ ಶೂಮನ್ ತಮ್ಮ ಎಂದಿನ ಮೆಲುದನಿಯಲ್ಲಿ ಹೇಳಿಕೆಯನ್ನು ಓದಿದರು. ಯುರೋಪಿನಲ್ಲಿ ಬಂದೂಕುಗಳು ಮೌನವಾಗಿ ಆಗಷ್ಟೇ ಐದು ವರ್ಷ ತುಂಬಿತ್ತು.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಈ ಕಾರ್ಯದಲ್ಲಿ ಶೂಮನ್‌ರ ಜತೆ ನಿಂತವರು ಇಬ್ಬರು. ಅಡೆನಾವರ್ ರೈನ್ ನದಿಯ ತೀರದ ಕಲೋನ್ ನಗರದ ಹಿಂದಿನ ಮೇಯರ್. ಇಟಲಿಯ ಆಲ್ಚಿದೆ ದೆ ಗಾಸ್ಪೆರಿ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಟ್ರೆಂಟಿನೊದಲ್ಲಿ ಹುಟ್ಟಿ ಯೌವನದಲ್ಲಿ ವಿಯೆನ್ನಾದ ಸಂಸತ್ತಿನಲ್ಲಿ ಕುಳಿತವರು. ಮೂವರೂ ಭಕ್ತ ಕಥೊಲಿಕರು. ಮೂವರಿಗೂ ಗಡಿಯ ನೋವು ಗೊತ್ತಿತ್ತು. ಮೂವರೂ ತಮ್ಮತಮ್ಮಲ್ಲಿ ಜರ್ಮನ್ ಭಾಷೆಯಲ್ಲಿ ಮಾತಾಡಿಕೊಳ್ಳಬಲ್ಲವರಾಗಿದ್ದರು. ಹಗೆಯ ಭಾಷೆಯಾಗಿದ್ದುದು ಹೀಗೆ ಸಂಧಾನದ ಭಾಷೆಯಾಯಿತು.

ಮತ್ತೆ ಪುಟ್ಟ ಕೋಟೆಗೆ

ಹೊಸ ಪ್ರಾಧಿಕಾರ ಯಾವ ಊರಿನಲ್ಲಿ ಕೂರಬೇಕು? 1952ರ ಜುಲೈಯಲ್ಲಿ ಆರು ದೇಶಗಳ ಮಂತ್ರಿಗಳು ಪ್ಯಾರಿಸಿನಲ್ಲಿ ರಾತ್ರಿಯಿಡೀ ಚರ್ಚಿಸಿದರು. ಬೆಲ್ಜಿಯಂ ಲಿಯೇಜ್ ನಗರಕ್ಕೆ ಪಟ್ಟು ಹಿಡಿಯಿತು. ಬೇರೆ ಹೆಸರುಗಳೂ ಬಂದವು, ಯಾವುದಕ್ಕೂ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಎಲ್ಲರೂ ದಣಿದಿದ್ದಾಗ ಲಕ್ಸೆಂಬರ್ಗಿನ ಮಂತ್ರಿ ಜೋಸೆಫ್ ಬೆಕ್ ಸದ್ಯಕ್ಕೆ ತಮ್ಮ ಊರಿನಲ್ಲಿ ಕೆಲಸ ಶುರುಮಾಡಬಹುದೆಂದು ಸೂಚಿಸಿದರು. ಹೀಗೆ 1952ರ ಆಗಸ್ಟ್ 10ರಂದು ಲಕ್ಸೆಂಬರ್ಗ್ ನಗರದಲ್ಲಿ ಉನ್ನತ ಪ್ರಾಧಿಕಾರ ಕೆಲಸ ಆರಂಭಿಸಿತು. ಜೀನ್ ಮೊನೆ ಅದರ ಮೊದಲ ಅಧ್ಯಕ್ಷರು. ಯಾರಿಗೂ ಭಯ ಹುಟ್ಟಿಸದಷ್ಟು ಚಿಕ್ಕದಾಗಿದ್ದುದೇ ಆ ಊರಿನ ಯೋಗ್ಯತೆಯಾಯಿತು. ಹಿಂದೆ ಎಲ್ಲರೂ ಹಿಡಿಯಲು ಹವಣಿಸಿದ್ದ ಕೋಟೆಯಲ್ಲಿ ಈಗ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತರು.

1957ರ ರೋಮ್ ಒಪ್ಪಂದದ ನಂತರ ಹೊಸ ಆಯೋಗಗಳು ಬ್ರಸೆಲ್ಸ್‌ಗೆ ಹೋದವು. ಕ್ರಮೇಣ ಬ್ರಸೆಲ್ಸ್ ಒಕ್ಕೂಟದ ಮುಖ್ಯ ಕೇಂದ್ರವಾಯಿತು. ಸದ್ಯಕ್ಕೆ ಎಂದು ಲಕ್ಸೆಂಬರ್ಗಿಗೆ ಬಂದದ್ದು ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಒಕ್ಕೂಟದ ನ್ಯಾಯಾಲಯ, ಯುರೋಪಿಯನ್ ಹೂಡಿಕೆ ಬ್ಯಾಂಕ್, ಲೆಕ್ಕಪರಿಶೋಧಕರ ಸಂಸ್ಥೆ, ಸಂಸತ್ತಿನ ಸಚಿವಾಲಯ ಅಲ್ಲಿಯೇ ಇವೆ. ಏಪ್ರಿಲ್, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಒಕ್ಕೂಟದ ಮಂತ್ರಿಗಳ ಸಭೆಗಳು ನಡೆಯುವುದೂ ಅಲ್ಲಿಯೇ. ಈ ಕಟ್ಟಡಗಳು ನಿಂತಿರುವ ಕಿರ್ಖ್‌ಬೆರ್ಗ್ ಗುಡ್ಡದ ಕೆಳಗೇ ಕ್ಲೌಸೆನ್ ಇದೆ. ಒಕ್ಕೂಟದ ಅಧಿಕೃತ ಭಾಷೆಗಳು 24. ಶೂಮನ್ ತಾಯಿಯ ಮಡಿಲಲ್ಲಿ ಕಲಿತ ಲಕ್ಸೆಂಬರ್ಗಿಷ್ ಅವುಗಳಲ್ಲಿ ಸೇರಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಬ್ರಸೆಲ್ಸ್‌ನಲ್ಲಿ ಆಯೋಗದ ಕಟ್ಟಡದ ಎದುರಿನ ವೃತ್ತಕ್ಕೂ ಅಲ್ಲಿನ ರೈಲು ನಿಲ್ದಾಣಕ್ಕೂ ಮಾತ್ರ ಶೂಮನ್‌ರ ಹೆಸರಿದೆ.

ಶೂಮನ್ 1958ರಿಂದ 1960ರವರೆಗೆ ಯುರೋಪಿಯನ್ ಸಂಸದೀಯ ಸಭೆಯ ಮೊದಲ ಅಧ್ಯಕ್ಷರಾಗಿದ್ದರು. ಸಭೆ ಅವರನ್ನು ಯುರೋಪಿನ ಪಿತ ಎಂದು ಗೌರವಿಸಿತು. ಆರೋಗ್ಯ ಕೆಟ್ಟ ಮೇಲೆ ಮೆಟ್ಸ್ ಸಮೀಪದ ಸಿ-ಶಾಜೆಲ್ ಹಳ್ಳಿಯ ತಮ್ಮ ಸರಳ ಮನೆಯಲ್ಲಿ ಪುಸ್ತಕಗಳ ನಡುವೆ ದಿನ ಕಳೆದರು. 1963ರ ಸೆಪ್ಟೆಂಬರ್ 4ರಂದು ಅಲ್ಲಿಯೇ ದೈವಾಧೀನರಾದರು. ಅವರ ಪಾರ್ಥಿವ ಶರೀರ 1966ರಿಂದ ಮನೆಯ ಎದುರಿನ ಸಂತ ಕ್ವೆಂಟಿನ್ ಚರ್ಚಿನಲ್ಲಿದೆ.

ನಮಗೇನು?

ಶೂಮನ್‌ರ ಸಂತ ಪದವಿಯ ಪ್ರಕ್ರಿಯೆಯನ್ನು 1990ರಲ್ಲಿ ಮೆಟ್ಸ್ ಧರ್ಮಪ್ರಾಂತ್ಯ ಆರಂಭಿಸಿತು. 2004ರಲ್ಲಿ ಧರ್ಮಪ್ರಾಂತ್ಯದ ಹಂತ ಮುಗಿದು ದಾಖಲೆಗಳು ರೋಮಿಗೆ ಹೋದವು. 2021ರ ತೀರ್ಮಾನದವರೆಗೆ ಕಾಲ ಹಿಡಿಯಿತು. ರಾಜಕಾರಣಿಯ ಪ್ರತಿಯೊಂದು ಪತ್ರ, ಭಾಷಣ, ಮತವನ್ನು ತೂಗಿ ನೋಡುವುದು ಸುಲಭವಲ್ಲ. ಧರ್ಮಸಭೆ ಅಂಗೀಕರಿಸಿದ್ದು ಅವರ ರಾಜಕೀಯ ನೀತಿಯನ್ನಲ್ಲ, ಯುರೋಪಿಯನ್ ಒಕ್ಕೂಟವನ್ನೂ ಅಲ್ಲ. ವಿಶ್ವಾಸ, ಭರವಸೆ, ಪ್ರೀತಿಯನ್ನು ಅವರು ಬಾಳಿದ ರೀತಿಯನ್ನು. ಧನ್ಯರೆಂದು ಘೋಷಿಸಲು ಅವರ ಮಧ್ಯಸ್ಥಿಕೆಯಿಂದ ನಡೆದ ಒಂದು ಅದ್ಭುತ ಬೇಕು. 2024ರ ಸೆಪ್ಟೆಂಬರ್ 26ರಂದು ಪೋಪ್ ಫ್ರಾನ್ಸಿಸ್ ಲಕ್ಸೆಂಬರ್ಗಿಗೆ ಭೇಟಿ ಕೊಟ್ಟು, ನೊಂದವರ ಸಾಂತ್ವನ ಮಾತೆಯ ಭಕ್ತಿಯ 400ನೇ ವರ್ಷದ ಆಚರಣೆಗೆ ಅಲ್ಲಿನ ಪ್ರಧಾನಾಲಯದಲ್ಲಿ ಚಾಲನೆ ನೀಡಿದರು. 2022ರಿಂದ ಉಕ್ರೇನಿನಲ್ಲಿ ನಡೆದ ಯುದ್ಧವನ್ನು ನೋಡಿದವರಿಗೆ ಒಂದು ಮಾತು ಸ್ಪಷ್ಟ. ಶಾಂತಿಯನ್ನು ಒಮ್ಮೆ ಕಟ್ಟಿ ಬೀಗ ಹಾಕಿ ಇಡಲಾಗದು. ಪ್ರತಿ ತಲೆಮಾರೂ ಅದನ್ನು ಮತ್ತೆ ಕಟ್ಟಬೇಕು.

ಕೊನೆಗೆ ನಮ್ಮದೇ ಒಂದು ಆತ್ಮಶೋಧನೆ. ದೈವಕರೆಗಾಗಿ ನಾವು ಪ್ರಾರ್ಥಿಸುತ್ತೇವೆ, ಪ್ರಾರ್ಥಿಸಲೇಬೇಕು. ಒಬ್ಬ ಯುವಕ ಗುರುಮಠಕ್ಕೆ ಹೊರಟರೆ ಇಡೀ ಧರ್ಮಕೇಂದ್ರ ಸಂತೋಷಪಡುತ್ತದೆ. ಅದೇ ಯುವಕ ಅಥವಾ ಯುವತಿ ಪಂಚಾಯತಿ ಚುನಾವಣೆಗೆ ನಿಲ್ಲುತ್ತೇನೆ ಎಂದರೆ ನಾವು ಹುಬ್ಬು ಗಂಟಿಕ್ಕುತ್ತೇವೆ. ರಾಜಕೀಯ ಕೊಳಕು ಎನ್ನುತ್ತೇವೆ, ಒಳ್ಳೆಯವರಿಗೆ ಅಲ್ಲೇನು ಕೆಲಸ ಎನ್ನುತ್ತೇವೆ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. 1911ರಲ್ಲಿ ಶೂಮನ್‌ರ ಮಿತ್ರ ಹಾಗೆಯೇ ಯೋಚಿಸಿದ್ದರೆ ಮೆಟ್ಸ್ ಧರ್ಮಪ್ರಾಂತ್ಯಕ್ಕೆ ಒಬ್ಬ ಒಳ್ಳೆಯ ಗುರು ಸಿಗುತ್ತಿದ್ದರು. ಎರಡು ದೇಶಗಳ ನಡುವಿನ ಹಗೆಯನ್ನು ಅಳಿಸಲು ಹೊರಟ ಮಂತ್ರಿ ಸಿಗುತ್ತಿರಲಿಲ್ಲ.

ಸಾರ್ವಜನಿಕ ಜೀವನಕ್ಕೆ ಹೋದವರು ತಪ್ಪು ಮಾಡಲೂಬಹುದು, 1940ರಲ್ಲಿ ಶೂಮನ್‌ರೂ ಮಾಡಿದರು. ಅವರನ್ನು ಒಂಟಿಯಾಗಿ ಬಿಡುವ ಬದಲು ಅವರಿಗಾಗಿ ಪ್ರಾರ್ಥಿಸುವುದು, ಅಗತ್ಯವಿದ್ದಾಗ ಪ್ರೀತಿಯಿಂದ ತಿದ್ದುವುದು ನಮ್ಮ ಕರ್ತವ್ಯ. ಸಿ-ಶಾಜೆಲ್‌ನಲ್ಲಿ ಶೂಮನ್‌ರ ಮನೆ ಮತ್ತು ಚರ್ಚಿನ ನಡುವೆ ಇರುವುದು ಒಂದು ರಸ್ತೆ ಮಾತ್ರ. ಜೀವನವಿಡೀ ಅವರು ಆ ರಸ್ತೆಯನ್ನು ಎರಡೂ ಕಡೆಗೆ ದಾಟಿದರು, ಬಲಿಪೂಜೆಗೆ ಮತ್ತು ಬಲಿಪೂಜೆಯಿಂದ ಕೆಲಸಕ್ಕೆ. ಬರುವ ಸೆಪ್ಟೆಂಬರ್ 4ರಂದು, ಅವರ ಮರಣದ ವಾರ್ಷಿಕ ದಿನ, ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿ ಜನಸೇವೆಯ ಹೊಣೆ ಹೊತ್ತವರ ಹೆಸರು ಹೇಳಿ ಒಂದು ಪ್ರಾರ್ಥನೆ ಸಲ್ಲಿಸೋಣ.